ಇಲ್ಲದ ಅಲರ್ಜಿ ಮತ್ತು ಉಮೇಶಣ್ಣನ ಹರಕೆ

ನನಗೆ ಈಗ ಹದಿನೆಂಟು ವರ್ಷ. ಹೋದ ತಿಂಗಳು ನಿವೃತ್ತನಾದೆ. ನಗುವವರು ಈಗಲೇ ನಕ್ಕು ಮುಗಿಸಿ, ಮತ್ತೆ ನಡುವಿನಲ್ಲಿ ತೊಂದರೆ ಕೊಡ್ಬೇಡಿ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರದಿಂದ ಎರಡು ವರ್ಷ ನಾನು ಕ್ಯಾಟರಿಂಗ್‌ನಲ್ಲಿ ಬಡಿಸಿದವ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ, ಈ ಮೂರು ಊರಿನಲ್ಲಿ ನಾನು ಬಗ್ಗಿ ಬಡಿಸದ ಮದುವೆ ಹಾಲ್ ಇಲ್ಲ. ಬಗ್ಗಿ ಬಗ್ಗಿ ನನ್ನ ಎತ್ತರ ಎರಡು ಇಂಚು ಕಮ್ಮಿ ಆಗಿದೆ. ಇಲ್ಲದಿದ್ರೆ ನಾನು ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲೋ ಇರ್ತಿದ್ದೆ. ಈಗ ಮಂಗಳೂರಿಗೆ ಡಿಗ್ರಿ ಓದ್ಲಿಕ್ಕೆ ಹೋಗ್ತಾ ಇದ್ದೇನೆ, ಅದಕ್ಕೆ ಏಪ್ರನ್ನು, ಟೊಪ್ಪಿ ವಾಪಸ್ ಕೊಟ್ಟು ಬಂದೆ. ಈ ವರ್ಷ ಹತ್ತನೇ ಮುಗಿಸಿ ಕ್ಯಾಟರಿಂಗಿಗೆ ಹೊರಟ ತಮ್ಮಂದಿರು ಸುಮಾರು ಜನ ಉಂಟು. ಅವರಿಗೆ ಹಿರಿಯರೊಬ್ಬರು ಬುದ್ಧಿ ಹೇಳ್ಬೇಕಲ್ಲ. ಬೇರೆ ಹಿರಿಯರು ಯಾರೂ ಸಿಗ್ಲಿಲ್ಲ.

ನೀರಿನಿಂದ ಉಪ್ಪಿನಕಾಯಿಗೆ, ಉಪ್ಪಿನಕಾಯಿಯಿಂದ ಸಾರಿಗೆ, ಸಾರಿನಿಂದ ಪಾಯಸಕ್ಕೆ ಹೇಗೆ ಏರಿದೆ ಅಂತ ಹೇಳಿ ಹೊಟ್ಟೆ ಉರಿಸುದಿಲ್ಲ. ಏರಿದೆ ಅಂತ ಮಾತ್ರ ತಿಳ್ಕೊಳ್ಳಿ.

ಮೊದಲ ತಪ್ಪು ಮೂಡುಬಿದಿರೆಯಲ್ಲಿ. ಅಲ್ಲಿ ಒಂದು ಉಪನಯನ. ನನ್ನ ಎರಡನೇ ದಿನದ ಕೆಲಸ. ಬಾಳೆ ಎಲೆ ಊಟ, ನೆಲದಲ್ಲಿ ನಾಲ್ಕು ಸಾಲು. ನನ್ನ ಕೈಗೆ ಒಂದು ಬಕೆಟ್ ಕೊಟ್ಟು ಬಾಗಿಲ ಹತ್ರ ನಿಲ್ಲಿಸಿದ್ರು. ಕಾಯ್ಲಿಕ್ಕೆ ಹೇಳಿದ್ದು ನನಗೆ ಕೇಳ್ಲಿಲ್ಲ, ನಾನು ಹೊರಟೆ. ಬಕೆಟಿನಲ್ಲಿ ಇದ್ದದ್ದು ಮಜ್ಜಿಗೆ. ಮಜ್ಜಿಗೆ ಬಂತು ಅಂದ್ರೆ ಊಟ ಮುಗೀತು ಅಂತ ಅರ್ಥ, ಇದು ಈ ಊರಿನ ಬೆಕ್ಕಿಗೂ ಗೊತ್ತುಂಟು. ಹೋಳಿಗೆ ಬರ್ಲಿಲ್ಲ, ಪಾಯಸ ಬರ್ಲಿಲ್ಲ, ಮಜ್ಜಿಗೆ ಬಂತು. ಹಿರಿಯರೊಬ್ಬರು ಒಂದು ಕ್ಷಣ ಎಲೆ ನೋಡಿದ್ರು, ನನ್ನನ್ನು ನೋಡಿದ್ರು, ಈ ಮನೆಯವರ ಕಾಲ ಇಷ್ಟು ಕೆಟ್ಟುಹೋಯ್ತಾ ಅಂತ ಹೇಳಿ ಮಜ್ಜಿಗೆ ಕಲಸಿ ತಿಂದು ಎದ್ರು. ಅವರು ಎದ್ದದ್ದು ಕಂಡು ಇಡೀ ಸಾಲು ಎದ್ದಿತು. ಒಳಗೆ ಐನೂರು ಹೋಳಿಗೆ ತುಪ್ಪ ಹಚ್ಚಿಕೊಂಡು ಕೂತಿದ್ವು. ನಾನು ಹೇಳುದು ಐನೂರು. ಅಡುಗೆ ಭಟ್ರು ಇನ್ನೂರು ಅಂತಾರೆ.

ಅವತ್ತು ನನ್ನ ಕಿವಿ ಹಿಡಿದವ್ರು ಉಮೇಶಣ್ಣ. ನಮ್ಮ ಬಡಿಸುವ ಹುಡುಗರಿಗೆಲ್ಲ ಮೇಸ್ತ್ರಿ. ಗುರುವಾಯನಕೆರೆಯವ್ರು, ನಲವತ್ತೈದರ ಹತ್ರ ಪ್ರಾಯ, ಬಸ್ ಕಂಡಕ್ಟರ್ ಹಾಗೆ ಸ್ವರ. ಕೈ ತೊಳೀಲಿಕ್ಕೆ ಹೋಗ್ತಿದ್ದ ಎಲ್ಲರನ್ನೂ ಕೈ ಮುಗಿದು ವಾಪಸ್ ಕೂರಿಸಿ ಹೋಳಿಗೆ ತಿನ್ನಿಸಿದ ನಂತರ ನನ್ನ ಹತ್ರ ಬಂದ್ರು. ನಾಳೆ ಬರ್ಬೇಡ ಅಂತಾರೆ ಅಂದ್ಕೊಂಡಿದ್ದೆ. ಕಿವಿ ಬಿಡದೆ, ನಾಳೆ ಬೇಗ ಬಾ, ಯಾವುದರ ನಂತರ ಯಾವುದು ಅಂತ ಕಲಿಸ್ತೇನೆ ಅಂದ್ರು. ಅಂಥ ಮನುಷ್ಯರಿಗೆ ಸುಳ್ಳು ಹೇಳಿದವ ನಾನು. ಅದೂ ಒಂದು ವರ್ಷ. ಆ ಕಥೆ ಹೇಳ್ಲಿಕ್ಕೇ ಇಷ್ಟು ಪೀಠಿಕೆ.

ನನ್ನ ಹೆಸರು ಸಿರಿಲ್. ಹಾಗಾಗಿ ನಾನು ಪೊರ್ಬುಗಳ ಹುಡುಗ, ಅಂದ್ರೆ ಕ್ರಿಶ್ಚನ್ ಅಂತ ಟೀಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕ್ರಿಸ್ಮಸ್ ಬಂದ್ರೆ ನಮ್ಮ ಮನೆಯ ಕುಸ್ವಾರ್ ತಿಂಡಿಗೆ ನನಗಿಂತ ಮೊದಲು ಇವರು ಬಾಯಿ ತೆರೆದು ಕೂರ್ತಿದ್ರು. ಯಾರಿಗೂ ಗೊತ್ತಿಲ್ಲದ್ದು ಒಂದೇ, ನಾನು ದೇವರು, ಪ್ರಾರ್ಥನೆ ಅದನ್ನೆಲ್ಲ ನಿಜವಾಗಿಯೂ ನಂಬ್ತೇನೆ ಅನ್ನುದು.

ಲಾಯಿಲದಲ್ಲಿ ನಮ್ಮ ದಾರಿಯಲ್ಲಿ ನಮ್ಮದೊಂದೇ ಕ್ರಿಶ್ಚನ್ ಮನೆ. ಕಾಲೇಜಿನಲ್ಲಿ ನಮ್ಮವ್ರು ಇಬ್ಬರಿದ್ರು, ಅವರು ಇಗರ್ಜಿಗೆ, ಅಂದ್ರೆ ಚರ್ಚಿಗೆ, ಹೋಗ್ತಿದ್ದದ್ದು ಮನೆಯಲ್ಲಿ ಬೈತಾರೆ ಅಂತ. ನಾನು ಮಾತ್ರ ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುವವ. ಇದನ್ನು ಯಾರ ಹತ್ರ ಹೇಳುದು? ಯಾರೂ ನನಗೆ ಏನೂ ಮಾಡಿರ್ಲಿಲ್ಲ. ಒಂದು ಕೆಟ್ಟ ಮಾತು ಆಡಿರ್ಲಿಲ್ಲ. ಯಾರಾದರೂ ಅಡ್ಡ ನಿಂತಿದ್ರೆ ಎದೆ ಉಬ್ಬಿಸಿ ಹುತಾತ್ಮ ಆಗ್ಬಹುದಿತ್ತು, ನನಗೆ ಅದಕ್ಕೆ ಬೇಕಾದ ಮುಖವೂ ಉಂಟು. ಆದ್ರೆ ಯಾರೂ ಅಡ್ಡ ಇಲ್ಲ. ಇದ್ದದ್ದು ಬರೀ ನಾಚಿಕೆ. ಹದಿನಾರು ಹುಡುಗರ ನಡುವೆ ಒಬ್ಬನೇ ಕಣ್ಣು ಮುಚ್ಚಿ ಕೂರುವ ನಾಚಿಕೆ.

ಹಾಗಾಗಿ ನಾನು ಅಡಗಿಸುವ ವಿದ್ಯೆ ಕಲಿತೆ. ಭಾನುವಾರ ಇಗರ್ಜಿಯಲ್ಲಿ ಆರೂವರೆಯ ಪೂಜೆ ಮುಗಿಸಿ ಸೈಕಲಿನಲ್ಲಿ ಹಾರಿ ಎಂಟಕ್ಕೆ ಮದುವೆ ಹಾಲಿಗೆ ಬರ್ತಿದ್ದೆ. ಬೆಳಿಗ್ಗೆ ಎಲ್ಲಿಗೆ ಹೋಗ್ತಿ ಅಂತ ಕೇಳಿದ್ರೆ ಜಿಮ್ ಅಂತಿದ್ದೆ. ಹರ್ಷಿತ್ ಅಂತ ನನ್ನ ಜೊತೆಯವ, ವಿಟ್ಲದವ, ಗುರುವಾಯನಕೆರೆಯಲ್ಲಿ ಮಾವನ ಮನೆಯಲ್ಲಿದ್ದು ಓದ್ತಿದ್ದ. ಅವ ನನ್ನ ತೋಳು ಒತ್ತಿ ನೋಡಿ, ಆ ಜಿಮ್ಮಿನವ್ರಿಂದ ಫೀಸ್ ವಾಪಸ್ ತಕ್ಕೋ ಮಾರಾಯ ಅಂದಿದ್ದ.

ಊಟದ ಹೊತ್ತಿಗೆ ಇನ್ನೂ ಕಷ್ಟ. ಅತಿಥಿಗಳೆಲ್ಲ ಎದ್ದ ಮೇಲೆ ನಾವು ಬಡಿಸಿದವರೆಲ್ಲ ಅಡುಗೆ ಮನೆಯ ಹಿಂದೆ ಒಟ್ಟಿಗೆ ಕೂತು ಊಟ ಮಾಡುದು ಉಮೇಶಣ್ಣನ ಕ್ರಮ. ಉಣ್ಣುವ ಮೊದಲು ಶಿಲುಬೆಯ ಗುರುತು ಮಾಡದೆ ನನಗೆ ಅನ್ನ ಇಳಿಯುದಿಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಹಣೆಗೆ ಕೈ ಹೋದ್ರೆ ಬೆವರು ಒರೆಸಿದ ಹಾಗೆ. ಎದೆಗೆ ಹೋದ್ರೆ ಅಂಗಿಯ ಬಟನ್ ಸರಿ ಮಾಡಿದ ಹಾಗೆ. ಎಡ ಹೆಗಲಿಗೆ ಹೋದ್ರೆ ಸೊಳ್ಳೆ. ಬಲ ಹೆಗಲಿಗೆ ಹೋದ್ರೆ ಆ ಸೊಳ್ಳೆಯ ತಮ್ಮ. ಎಷ್ಟು ಚಂದ ಮಾಡ್ತಿದ್ದೆ ಅಂದ್ರೆ ದೇವರಿಗೂ ಇದು ಪ್ರಾರ್ಥನೆಯಾ ಸೊಳ್ಳೆಯಾ ಅಂತ ಸಂಶಯ ಬಂದಿರ್ಬಹುದು.

ಈ ಸೊಳ್ಳೆಯಿಂದಲೇ ನಾನು ಸಿಕ್ಕಿಬಿದ್ದದ್ದು. ಮೊದಲ ವರ್ಷದ ತಪಸ್ಸುಕಾಲ. ಈಸ್ಟರಿಗೆ ಮೊದಲಿನ ನಲವತ್ತು ದಿನ ಅದು, ಶುಕ್ರವಾರ ನಾವು ಮಾಂಸ ಮುಟ್ಟುದಿಲ್ಲ. ಬಂಟ್ವಾಳದ ಒಂದು ಮದುವೆ ಹಾಲ್‌ನಲ್ಲಿ ಕೋರಿ ರೊಟ್ಟಿ, ಅಂದ್ರೆ ಕೋಳಿ ಸಾರು ರೊಟ್ಟಿ, ದಿನ ಶುಕ್ರವಾರ. ಊಟಕ್ಕೆ ಕೂತಾಗ ನಾನು ಎಂದಿನ ಹಾಗೆ ಹಣೆ, ಎದೆ, ಸೊಳ್ಳೆ, ಸೊಳ್ಳೆಯ ತಮ್ಮ ಮುಗಿಸಿದೆ. ಕೋಳಿ ಸಾರಿನ ಸೌಟು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ಯಾಕೆ ಅಂತ ಎಲ್ಲರೂ ನೋಡಿದ್ರು. ಇವತ್ತು ಶುಕ್ರವಾರ, ನಮಗೆ ಆಗುದಿಲ್ಲ ಅಂತ ಒಂದೇ ವಾಕ್ಯ ಸಾಕಿತ್ತು. ಅಷ್ಟರಲ್ಲಿ ಹರ್ಷಿತ್ ಹೇಳಿದ, "ಇವ ಯಾವಾಗ್ಲೂ ಊಟಕ್ಕೆ ಕೂತ ಕೂಡ್ಲೆ ಅಲ್ಲಿ ಇಲ್ಲಿ ತುರಿಸ್ಲಿಕ್ಕೆ ಶುರು ಮಾಡ್ತಾನೆ. ನಿನಗೆ ಕೋಳಿ ಅಲರ್ಜಿಯಾ ಮಾರಾಯ?"

ದೇವರ ಆಣೆ, ನಾನು ಯೋಚನೆ ಮಾಡ್ಲೇ ಇಲ್ಲ. ಹೌದು ಅಂದೆ.

ತಮ್ಮಂದಿರೇ, ಸುಳ್ಳು ಹೇಳುದಾದ್ರೆ ಕೆಟ್ಟವರ ಹತ್ರ ಹೇಳಿ. ಅವರು ನಾಳೆಗೆ ಮರೀತಾರೆ. ಉಮೇಶಣ್ಣ ಮರೆಯುವ ಜನ ಅಲ್ಲ. ಮರುದಿನದಿಂದ ಯಾವ ಹಾಲಿಗೆ ಹೋದ್ರೂ ಮೊದಲು ಅಡುಗೆಯವರ ಹತ್ರ ಹೋಗಿ ನನ್ನನ್ನು ತೋರಿಸಿ, ಈ ಹುಡುಗನಿಗೆ ಕೋಳಿ ಆಗುದಿಲ್ಲ, ಅದರ ಸೌಟು ಸಹ ತಾಗಿಸ್ಬೇಡಿ, ಜೀವದ ಪ್ರಶ್ನೆ ಅಂತ ಹೇಳ್ತಿದ್ರು. ಈಸ್ಟರ್ ಬಂತು, ಹೋಯ್ತು. ಉಳಿದವರಿಗೆ ಚಿಕನ್ ಸುಕ್ಕ, ನನಗೆ ಸಾಂಬಾರು. ಉಳಿದವರಿಗೆ ನೀರ್ ದೋಸೆ, ಕೋಳಿ ಗಸಿ, ನನಗೆ ನೀರ್ ದೋಸೆ, ಸಾಂಬಾರು. ತಪಸ್ಸುಕಾಲ ಲೋಕಕ್ಕೆಲ್ಲ ನಲವತ್ತು ದಿನ, ನನಗೊಬ್ಬನಿಗೆ ಒಂದು ವರ್ಷ. ಒಮ್ಮೆ ಮೂಡುಬಿದಿರೆಯಲ್ಲಿ ನನ್ನ ಕಣ್ಣಿನಿಂದ ನೀರು ಬಂತು. ಖಾರವಾ ಅಂತ ಅಡುಗೆಯವ್ರು ಕೇಳಿದ್ರು. ಸಾಂಬಾರಿನಲ್ಲಿ ಎಂತ ಖಾರ.

ಇಷ್ಟಕ್ಕೇ ನಿಲ್ಲಲಿಲ್ಲ. ಉಮೇಶಣ್ಣನ ಅಮ್ಮ ತುರಿಕೆಗೆ ಕಿರಾತಕಡ್ಡಿ ಕಷಾಯ ಮಾಡಿ ಬಾಟ್ಲಿಯಲ್ಲಿ ಕಳಿಸ್ಲಿಕ್ಕೆ ಶುರು ಮಾಡಿದ್ರು. ಅದರ ಕಹಿ ಕುಡಿದವನಿಗೇ ಗೊತ್ತು. ಒಂದು ಗುಟುಕಿಗೆ ಹಿಂದಿನ ಮೂರು ಊಟದ ರುಚಿ ಸಹ ಹೋಗ್ತದೆ. ಉಮೇಶಣ್ಣ ಎದುರಿಗೆ ನಿಂತು ಕುಡಿಸ್ತಿದ್ರು. ಅವರು ಆಚೆ ತಿರುಗಿದ್ರೆ ಹಾಲ್‌ನ ಅಂಗಳದ ಗಿಡಕ್ಕೆ ಹಾಕ್ತಿದ್ದೆ. ಬಂಟ್ವಾಳದ ಆ ಹಾಲಿನ ಎದುರು ಒಂದು ಕ್ರೋಟನ್ ಗಿಡ ಒಣಗಿದೆ. ಅದಕ್ಕೆ ಕಾರಣ ಬಿಸಿಲು ಅಂತ ಅಲ್ಲಿಯ ವಾಚ್‌ಮ್ಯಾನ್ ತಿಳ್ಕೊಂಡಿದ್ದಾರೆ.

ಇದರಲ್ಲಿ ನನ್ನನ್ನು ನಿಜವಾಗಿ ಚುಚ್ಚಿದ್ದು ಬೇರೆ. ಉಮೇಶಣ್ಣ ಶನಿವಾರ ಮೀನು ಮಾಂಸ ಮುಟ್ಟುದಿಲ್ಲ. ಅದನ್ನು ಅಡಗಿಸಿದವ್ರೇ ಅಲ್ಲ. ನನಗೆ ಶನಿವಾರ, ಬರೀ ಸಾರು ಹಾಕು ಅಂತ ಗಟ್ಟಿ ಸ್ವರದಲ್ಲಿ ಹೇಳಿ ನನ್ನ ಪಕ್ಕ ಬಂದು ಕೂರ್ತಿದ್ರು. ನಾವಿಬ್ಬರೇ ಸಾಂಬಾರಿನವ್ರು. ಯಾರೂ ಅವರನ್ನು ಯಾಕೆ ಅಂತ ಕೇಳಿದ್ದು ನಾನು ನೋಡಿಲ್ಲ. ಅವರು ಒಂದು ವಾಕ್ಯದಲ್ಲಿ ಮುಗಿಸುವ ವಿಷಯಕ್ಕೆ ನಾನು ಒಂದು ರೋಗ ಸಾಕಿದ್ದೆ.

ಈ ವರ್ಷದ ತಪಸ್ಸುಕಾಲದ ಕೊನೆಗೆ, ಒಂದು ಬುಧವಾರ ಉಮೇಶಣ್ಣನ ಫೋನ್ ಬಂತು. ಶುಕ್ರವಾರ ಗುರುವಾಯನಕೆರೆಯಲ್ಲಿ ಮದುವೆಯ ಮರುದಿನದ ಊಟ, ದೊಡ್ಡ ಜನ, ಪೂರಾ ನಾನ್‌ವೆಜ್, ಸುಕ್ಕದ ಬಕೆಟ್ ನಿನಗೆ ಅಂದ್ರು. ನಿನಗೆ ಕೋಳಿ ಆಗದ ಕಾರಣ ನೀನು ನಡುವಿನಲ್ಲಿ ತಿನ್ನುದಿಲ್ಲ, ಹಾಗಾಗಿ ನಂಬಿಕೆ ಅಂತ ಬೇರೆ ಸೇರಿಸಿದ್ರು.

ಆ ಶುಕ್ರವಾರ ಶುಭ ಶುಕ್ರವಾರ. ಯೇಸು ಸತ್ತ ದಿನ. ಮಧ್ಯಾಹ್ನ ಮೂರಕ್ಕೆ ಇಗರ್ಜಿಯಲ್ಲಿ ಪ್ರಾರ್ಥನೆ. ಮನೆಯಲ್ಲಿ ಗಂಜಿ, ಚಟ್ನಿ, ಮಾತಿಲ್ಲ, ಟೀವಿ ಇಲ್ಲ. ಚಿಕ್ಕಂದಿನಿಂದ ಒಂದು ವರ್ಷವೂ ನಾನು ಅದನ್ನು ತಪ್ಪಿಸಿದವ ಅಲ್ಲ. ಅಲ್ಲಿ ಮಂಡಿ ಊರಿ ಸುಮ್ಮನೆ ಇರುವ ಹೊತ್ತಿನಲ್ಲಿ ಮಾತ್ರ ನನಗೆ ಯಾರನ್ನೂ ನಗಿಸುವ ಕೆಲಸ ಇರುದಿಲ್ಲ. ಆ ಹೊತ್ತು ನನಗೆ ಇಷ್ಟ.

ಆಗುದಿಲ್ಲ ಅಂತ ಹೇಳ್ಬಹುದಿತ್ತು. ಆದ್ರೆ ನಮ್ಮಲ್ಲಿ ಒಂದು ನಿಯಮ ಇತ್ತು, ಎರಡು ಸಲ ಬರುದಿಲ್ಲ ಅಂದವನ ಹೆಸರು ವಾಟ್ಸಪ್ ಗ್ರೂಪಿನಿಂದ ಹೋಗ್ತದೆ. ಪರೀಕ್ಷೆಗೆ ಅಂತ ನಾನು ಒಂದು ಮುಗಿಸಿಯಾಗಿತ್ತು. ಟೀಮಿನಲ್ಲಿ ಉಳಿಯಬೇಕಾದ್ರೆ ನಿಜವಾದ ಕಾರಣ ಹೇಳ್ಬೇಕು. ನಿಜವಾದ ಕಾರಣ ಹೇಳಿದ್ರೆ ಅಲರ್ಜಿಯ ಸುಳ್ಳು ಬಯಲಾಗ್ತದೆ. ನಾನು ಬರ್ತೇನೆ ಅಂದೆ. ಎರಡೂವರೆಗೆ ಮುಗಿಸಿ ಸೈಕಲಿನಲ್ಲಿ ಓಡಿದ್ರೆ ಮೂರಕ್ಕೆ ತಲುಪ್ತೇನೆ ಅಂತ ಲೆಕ್ಕ. ಮಮ್ಮಿಗೆ ಗೆಳೆಯನ ಮನೆಯಿಂದ ಪುಸ್ತಕ ತರ್ಲಿಕ್ಕುಂಟು ಅಂದೆ. ಬೆಳಿಗ್ಗೆ ಹರ್ಷಿತ್ ಬಲೂನಿನ ಚಿತ್ರ ಹಾಕಿ ಹ್ಯಾಪಿ ಗುಡ್ ಫ್ರೈಡೇ ಅಂತ ಕಳಿಸಿದ. ನಾನು ಸೇಮ್ ಟು ಯೂ ಅಂತ ಕಳಿಸಿದೆ. ಅಷ್ಟು ಕೆಳಗೆ ಹೋಗಿದ್ದೆ.

ಎಲ್ಲಾ ಕಡೆ ಬಫೆ ಬಂದ ಕಾಲದಲ್ಲಿ ಆ ಮನೆಯವ್ರು ಟೇಬಲಿನಲ್ಲಿ ಎಲೆ ಹಾಕಿ ಬಡಿಸ್ಲೇಬೇಕು ಅಂದಿದ್ರು. ಊಟ ಶುರು ಆಗುವಾಗ ತಡ. ಎರಡನೇ ಸಾಲು ಕೂರುವಾಗ ಗಂಟೆ ಎರಡು. ನಾನು ಬೆಳಿಗ್ಗೆಯಿಂದ ಉಪವಾಸ, ಕೈಯಲ್ಲಿ ಬಿಸಿ ಸುಕ್ಕ, ಅದರ ಪರಿಮಳ ನೇರ ಮೂಗಿಗೆ. ಸಾಲಿನ ನಡುವೆ ಒಬ್ಬರು ಎಲೆಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದ್ರು. ವಾರಿಜ ಟೀಚರ್. ಲಾಯಿಲದ ಶಾಲೆಯಲ್ಲಿ ನನಗೆ ನಾಲ್ಕು ವರ್ಷ ಕನ್ನಡ ಕಲಿಸಿದವ್ರು.

"ನೀನು ಸಿರಿಲ್ ಅಲ್ವಾ? ಇವತ್ತು ನಿಮಗೆ ದೊಡ್ಡ ಶುಕ್ರವಾರ ಅಲ್ವಾ ಮಗಾ?"

ಆಚೆ ಈಚೆ ಹರ್ಷಿತ್, ಉಳಿದ ಹುಡುಗರು. ಹತ್ತು ಹೆಜ್ಜೆ ದೂರದಲ್ಲಿ ಉಮೇಶಣ್ಣ.

"ನಾನು ಸಿರಿಲ್ ಅಲ್ಲ ಟೀಚರ್," ಅಂದೆ.

ಸಿರಿಲ್ ಅಲ್ಲದವನಿಗೆ ಅವರು ಟೀಚರ್ ಅಂತ ಹೇಗೆ ಗೊತ್ತು? ಇಷ್ಟು ಬುದ್ಧಿ ಆಗ ಬರ್ಲಿಲ್ಲ. ಟೀಚರ್ ಕೈ ತೆಗೆದ್ರು.

"ಹೌದಾ. ಅವನ ಹಾಗೆಯೇ ಇದ್ದಿ. ಅವ ಒಳ್ಳೆ ಹುಡುಗ."

ಶುಭ ಶುಕ್ರವಾರ ಇಗರ್ಜಿಯಲ್ಲಿ ಓದುವ ಕಥೆಯಲ್ಲಿ ಯೇಸುವಿನ ಒಬ್ಬ ಶಿಷ್ಯ ಬರ್ತಾನೆ. ಬೆಂಕಿಯ ಹತ್ರ ಚಳಿ ಕಾಯಿಸ್ತಾ ಕೂತವರು ನೀನು ಅವನ ಜನ ಅಲ್ವಾ ಅಂತ ಕೇಳಿದ್ರೆ ಅಲ್ಲ ಅಂತಾನೆ. ಕೋಳಿ ಕೂಗುವ ಮೊದಲು ನೀನು ನನ್ನನ್ನು ಗೊತ್ತೇ ಇಲ್ಲ ಅಂತಿ ಅಂತ ಯೇಸು ಅವನಿಗೆ ಮೊದಲೇ ಹೇಳಿದ್ರು. ಅವನಿಗಾದ್ರೆ ಕೋಳಿ ಕೂಗಿ ನೆನಪು ಮಾಡಿತು. ನನ್ನ ಕೋಳಿ ಆಗಲೇ ಬಕೆಟಿನಲ್ಲಿ ಸುಕ್ಕ ಆಗಿತ್ತು. ಅದು ಎಲ್ಲಿಂದ ಕೂಗುದು.

ಸಾಲು ಮುಗಿಸಿದೆ. ಹೇಗೆ ಅಂತ ಗೊತ್ತಿಲ್ಲ. ಪಾತ್ರೆ ತೊಳೆಯುವ ಜಾಗದಲ್ಲಿ ಉಮೇಶಣ್ಣ ಮುಖಕ್ಕೆ ನೀರು ಹಾಕ್ತಾ ಇದ್ರು. ಬಕೆಟ್ ಕೆಳಗಿಟ್ಟು ಎಲ್ಲಾ ಹೇಳಿದೆ. ಅಲರ್ಜಿ ಇಲ್ಲ. ಸೊಳ್ಳೆ ಇಲ್ಲ. ಜಿಮ್ ಇಲ್ಲ. ಶುಕ್ರವಾರ ನಾವು ಮಾಂಸ ತಿನ್ನುದಿಲ್ಲ, ಇವತ್ತು ನಮ್ಮ ದೇವರು ಸತ್ತ ದಿನ, ಮೂರಕ್ಕೆ ನಾನು ಅಲ್ಲಿ ಇರ್ಬೇಕು. ಈಗ ಒಬ್ಬರ ಹತ್ರ ನಾನು ನಾನೇ ಅಲ್ಲ ಅಂತ ಹೇಳಿ ಬಂದೆ.

ಉಮೇಶಣ್ಣ ಟವೆಲಿನಲ್ಲಿ ಮುಖ ಒರೆಸಿದ್ರು. ಒರೆಸ್ತಾ ಇದ್ದದ್ದು ನಿಲ್ಲಿಸ್ಲೇ ಇಲ್ಲ.

"ಕಷಾಯ?"

"ಅರ್ಧ ಕುಡಿದೆ ಅಣ್ಣ. ಅರ್ಧ ಗಿಡಕ್ಕೆ."

"ನಾನು ಹೋದ ತಿಂಗಳು ನಿನ್ನ ಅಲರ್ಜಿ ಗುಣ ಆಗ್ಲಿ ಅಂತ ಹರಕೆ ಹೇಳಿದ್ದೇನೆ," ಅಂದ್ರು. "ಮನೆ ಹತ್ರದ ಗುಡಿಗೆ. ಒಂದು ಡಬ್ಬಿ ಎಳ್ಳೆಣ್ಣೆ."

ನನಗೆ ನಗು ಬರ್ಲಿಲ್ಲ. ಜೀವನದಲ್ಲಿ ನನಗೆ ನಗು ಬಾರದ ಒಂದೇ ಹಾಸ್ಯ ಅದು.

"ನಾನು ಶನಿವಾರ ಮಾಡ್ತೇನೆ. ನಿನ್ನ ಹತ್ರ ಅಡಗಿಸಿದ್ದೇನಾ? ನೀನು ಶುಕ್ರವಾರ ಅಂತ ಹೇಳಿದ್ರೆ ನಾನು ನಗ್ತೇನೆ ಅಂತ ತಿಳ್ಕೊಂಡಿಯಾ? ಒಂದು ವರ್ಷ ಒಟ್ಟಿಗೆ ಸಾಂಬಾರು ಉಂಡಿದ್ದೇವೆ ಸಿರಿಲ್."

ಟೀಮಿನಲ್ಲಿ ಎಲ್ಲರೂ ನನ್ನನ್ನು ಸಿರಿ ಅಂತಾರೆ. ಅವರು ಪೂರ್ತಿ ಹೆಸರು ಕರೆದದ್ದು ಅವತ್ತೇ. ಗ್ರೂಪಿನಿಂದ ತೆಗೀತಾರೆ ಅಂತ ಗಟ್ಟಿ ಆಯ್ತು. ಅವರು ಗಡಿಯಾರ ನೋಡಿದ್ರು. ಎರಡೂ ಮುಕ್ಕಾಲು. ಸೈಕಲಿನಲ್ಲಿ ಹೋದ್ರೆ ಆಗುದಿಲ್ಲ, ಟೆಂಪೋ ಹತ್ತು, ನಾನು ಬಿಡ್ತೇನೆ ಅಂದ್ರು. ಸುಕ್ಕದ ಬಕೆಟ್ ಹರ್ಷಿತನ ಕೈಗೆ ಹೋಯ್ತು.

ಹೋಗುವ ಮೊದಲು ಕೈ ತೊಳೆಯುವಲ್ಲಿಗೆ ಓಡಿದೆ. ಟೀಚರ್ ಅಲ್ಲಿದ್ರು. ಟೀಚರ್, ನಾನು ಸಿರಿಲೇ ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ. ಅವರು ಸೆರಗಿನಲ್ಲಿ ಕೈ ಒರೆಸ್ತಾ, ನಿನ್ನ ಕಾಗುಣಿತ ತಿದ್ದಿದವಳಿಗೆ ಗೊತ್ತಿಲ್ವಾ, ಹೋಗು, ತಡ ಆಗ್ತದೆ ಅಂದ್ರು.

ಶುಭ ಶುಕ್ರವಾರ ಇಗರ್ಜಿಯಲ್ಲಿ ಗಂಟೆ ಹೊಡೆಯುದಿಲ್ಲ. ಮರದ ಹಲಗೆ ಬಡಿದು ಜನರನ್ನು ಕರೀತಾರೆ. ಅಷ್ಟು ಮೌನ. ಆ ಮೌನದ ಅಂಗಳಕ್ಕೆ ನಮ್ಮ ಟೆಂಪೋ ನುಗ್ಗಿತು. ಹಿಂದೆ ಖಾಲಿ ಪಾತ್ರೆಗಳು, ಸೌಟುಗಳು, ಇನ್ನೂರು ಸ್ಟೀಲ್ ಲೋಟ. ಗೇಟಿನ ಹತ್ರ ಒಂದು ಹಂಪ್ ಉಂಟು. ಊರಿನ ಎಲ್ಲಾ ಇಗರ್ಜಿಯ ಗಂಟೆ ಒಟ್ಟಿಗೆ ಹೊಡೆದ್ರೂ ಅಷ್ಟು ಸದ್ದು ಆಗ್ಲಿಕ್ಕಿಲ್ಲ. ಒಳಗೆ ಇದ್ದ ಅಷ್ಟೂ ತಲೆ ತಿರುಗಿದ್ವು. ಮಮ್ಮಿಯ ತಲೆ ಮೊದಲು. ನಾನು ಏಪ್ರನ್, ಟೊಪ್ಪಿ, ಮೈಯೆಲ್ಲ ಸುಕ್ಕದ ಮಸಾಲೆ. ವರ್ಷಗಟ್ಟಲೆ ಅಡಗಿಸಿದವ ಹೀಗೆ ಒಳಗೆ ನಡೆದೆ. ಮಂಡಿ ಊರಿದೆ. ಹಣೆ, ಎದೆ, ಎಡ, ಬಲ. ಸೊಳ್ಳೆ ಇರ್ಲಿಲ್ಲ.

ಹೊರಗೆ ಬಂದಾಗ ಐದು ಗಂಟೆ. ಹಾಲಿಗೆ ಹೋಗಿ ಎಲ್ಲಾ ಮುಗಿಸಿ ಉಮೇಶಣ್ಣ ವಾಪಸ್ ಬಂದಿದ್ರು. ನನ್ನ ಸೈಕಲ್ ಟೆಂಪೋದಲ್ಲಿತ್ತು. ಅವರು ಚಪ್ಪಲಿ ಬಿಚ್ಚಿ ಅಂಗಳದ ಕಟ್ಟೆಯ ಹತ್ರ ನಿಂತಿದ್ರು. ಮಮ್ಮಿ ಅವರ ಹತ್ರ ಹೋಗಿ ಏನೋ ಮಾತಾಡಿದ್ರು. ಏನು ಅಂತ ನನಗೆ ಈಗಲೂ ಹೇಳಿಲ್ಲ. ಅವತ್ತು ಮನೆಯಲ್ಲಿ ಸಿಕ್ಕಿದ ಬೈಗಳು ಬರೆದ್ರೆ ಒಂದು ಪುಸ್ತಕ ಆಗ್ತದೆ.

ಹರಕೆ ಏನಾಯ್ತು ಅಂತ ಕೇಳ್ಬಹುದು. ಇಲ್ಲದ ರೋಗಕ್ಕೆ ಹರಕೆ ಯಾಕೆ, ಬಿಡಿ ಅಣ್ಣ ಅಂದೆ. ಹೇಳಿದ ಮಾತು ಹೇಳಿದ್ದೇ, ಅಲರ್ಜಿ ಹೋಯ್ತಲ್ಲ ಅಂದ್ರು. ಎಣ್ಣೆಯ ಡಬ್ಬಿಯನ್ನು ಗುಡ್ಡದ ಮೇಲಿನ ಆ ಗುಡಿಯವರೆಗೆ ನಾನೇ ಹೊತ್ತೆ. ಅದು ನನ್ನ ದಂಡ. ಅವರು ಒಳಗೆ ಹೋದ್ರು, ನಾನು ಅವರ ಚಪ್ಪಲಿ ಕಾದೆ.

ಈಸ್ಟರ್ ಆಗಿ ಮರುವಾರ ಬಂಟ್ವಾಳದಲ್ಲಿ ಕೆಲಸ. ಗ್ರೂಪಿನಲ್ಲಿ ನನ್ನ ಹೆಸರು ಇತ್ತು. ಅತಿಥಿಗಳ ಊಟ ಮುಗೀತು, ನಾವು ಅಡುಗೆ ಮನೆ ಹಿಂದೆ ಕೂತೆವು. ಉಮೇಶಣ್ಣ ಸ್ವತಃ ಸೌಟು ಹಿಡಿದು ನನ್ನ ಎಲೆಗೆ ಕೋಳಿಯ ಕಾಲು ಹಾಕಿದ್ರು. ಒಂದು ವರ್ಷದ ನಂತರ. ನಾನು ಕೈ ಹಾಕ್ಲಿಕ್ಕೆ ಹೋದೆ, ಯಾರೂ ತಿನ್ನುದಿಲ್ಲ. ಹದಿನೈದು ಜನ ಎಲೆಯ ಮೇಲೆ ಕೈ ಇಟ್ಟು ನನ್ನನ್ನೇ ನೋಡ್ತಾ ಇದ್ದಾರೆ.

ಹರ್ಷಿತ್ ಹೇಳಿದ, "ನಿನ್ನದು ಉಂಟಲ್ಲ, ಅದು ಮಾಡು. ಬೇಗ ಮಾರಾಯ, ಹಸಿವಾಗ್ತಾ ಉಂಟು."

ಮಾಡಿದೆ. ಅವತ್ತಿನಿಂದ ನಿವೃತ್ತನಾಗುವವರೆಗೆ ಎಲ್ಲಾ ಹಾಲಿನಲ್ಲಿಯೂ ಅವರು ಕಾದ್ರು. ಒಮ್ಮೊಮ್ಮೆ ಬೇಕೂಂತ್ಲೇ ನಿಧಾನ ಮಾಡ್ತಿದ್ದೆ, ಸಂತರ ಹೆಸರೆಲ್ಲ ಸೇರಿಸ್ತಿದ್ದೆ, ಬೈಸಿಕೊಳ್ತಿದ್ದೆ. ಕೊನೆಯ ದಿನ ಮಾತ್ರ ನಿಧಾನ ಆದದ್ದು ನಿಜವಾಗಿ. ಅವತ್ತು ಯಾರೂ ಬೈಲಿಲ್ಲ.

ಈಗ ಮನೆಯಲ್ಲಿ ಊಟ. ಇಲ್ಲಿ ಎಲ್ಲರೂ ಒಟ್ಟಿಗೆ ಶಿಲುಬೆಯ ಗುರುತು ಮಾಡ್ತೇವೆ, ಎಲ್ಲರೂ ಒಟ್ಟಿಗೆ ತಿನ್ಲಿಕ್ಕೆ ಶುರು ಮಾಡ್ತೇವೆ. ನಾನು ಕಣ್ಣು ತೆರೆದು ಒಮ್ಮೆ ಸುತ್ತ ನೋಡ್ತೇನೆ, ಅಭ್ಯಾಸ. ಯಾರೂ ನನಗಾಗಿ ಕಾದಿರುದಿಲ್ಲ.